ಹಾಸಿಗೆ ಹಿಡಿಯದ ಕಾಯಿಲೆಗಳು



ನಮ್ಮ ಬೈಲಹೊಂಗಲದ ಸೀಮೆಯಲ್ಲಿ ಹಳಬರು ಕನ್ನಡಕಕ್ಕೆ ‘ಚಾಳೀಸು’ ಎನ್ನುತ್ತಾರೆ. ಮರಾಠಿಯ ನೆರೆಯಿಂದ ಬಂದ ಮಾತು. ಚಾಳೀಸ ಎಂದರೆ ನಲವತ್ತು. ನಲವತ್ತು ತುಂಬಿದ ಮೇಲೆ ಕಣ್ಣು ಮಂಜಾಗುತ್ತದೆ. ಆಗ ಮೂಗನ್ನೇರುವ ವಸ್ತು ಚಾಳೀಸು. ಜನಜೀವನದ ಅನುಭವವೊಂದು ಎಷ್ಟು ಚೊಕ್ಕಟವಾಗಿ ಒಂದೇ ಶಬ್ದದಲ್ಲಿ ಬಂದು ಕೂತಿದೆ ನೋಡಿರೆಂದು ತರಗತಿಯಲ್ಲಿ ಎಷ್ಟೋ ವರ್ಷ ನಾನು ಇದನ್ನು ಉದಾಹರಣೆಯಾಗಿ ಹೇಳುತ್ತ ಬಂದೆ. ಆ ಶಬ್ದಕ್ಕೂ ಒಂದು ಕುರುಡು ಇದೆ ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ. ಹದಿಮೂರು ವರ್ಷದ ಹುಡುಗನಿಗೂ ಕಣ್ಣು ಕಾಣದಿರಬಹುದು ಎಂಬ ಸಂಗತಿಗೆ ಅದರಲ್ಲಿ ಎಡೆಯೇ ಇಲ್ಲ.

ಶಾಲೆಯ ಮಕ್ಕಳ ಆರೋಗ್ಯ, ಅದಕ್ಕೆ ಸರಕಾರದ ಆರೋಗ್ಯ ವಿಮೆಯ ಹಣ ಒದಗುವ ಬಗೆ, ಈ ವಿಷಯವಾಗಿ ಮಾತನಾಡಬೇಕೆಂದಾಗ ಕನ್ನಡ ಮಾಸ್ತರನಿಗೆ ಇದರಲ್ಲೇನು ಕೆಲಸವೆಂದು ಮೊದಲು ನನಗೂ ಅನ್ನಿಸಿತು. ಆದರೆ ನನ್ನ ಮೇಲೊಂದು ಹಳೆಯ ಋಣವಿದೆ. ಅದನ್ನು ಹೇಳಿಯೇ ಮುಂದುವರಿಯುವುದು ಸರಿ.

ಧಾರವಾಡದಲ್ಲಿ ಎಂ.ಎ. ಮುಗಿಸಿ, ಕಾಲೇಜಿನಲ್ಲಿ ಜಾಗ ಸಿಗುವ ಮುನ್ನ, 1984ರಿಂದ ಎರಡು ವರ್ಷ ಮಲಪ್ರಭೆಯ ದಂಡೆಯ ಒಂದು ಊರಿನ ಪ್ರೌಢಶಾಲೆಯಲ್ಲಿ ನಾನು ಕನ್ನಡ ಕಲಿಸುತ್ತಿದ್ದೆ. ಎಂಟನೆಯ ಇಯತ್ತೆಯಲ್ಲಿ ಒಬ್ಬ ಹುಡುಗನಿದ್ದ. ನಮ್ಮೂರಿನ ಕಥೆಯೇ ಆಗಿರುವ ಸಂಗ್ಯಾ ಬಾಳ್ಯಾ ಸಣ್ಣಾಟವನ್ನು ರಾತ್ರಿ ಕೇಳಿ ಬಂದನೆಂದರೆ ಮರುದಿನ ಅದರ ಹಾಡುಗಳನ್ನು ಒಂದೂ ತಪ್ಪದೆ ಒಪ್ಪಿಸುವನು. ನಾನು ಓದಿದ ಷಟ್ಪದಿ ಎರಡನೆಯ ಸಲಕ್ಕೆ ಅವನ ಬಾಯಲ್ಲಿ ಇರುತ್ತಿತ್ತು. ಆದರೆ ಕರಿಹಲಗೆಯ ಮೇಲೆ ಬರೆದದ್ದನ್ನು ನೋಡಿ ಬರೆದುಕೊ ಎಂದರೆ ಅವನ ಪಾಟಿಯಲ್ಲಿ ಮೂಡುತ್ತಿದ್ದುದು ಅಕ್ಷರವಲ್ಲ, ಅಕ್ಷರದ ನೆರಳು. ಸೋಮಾರಿತನವೆಂದು ತಿಳಿದೆ. ಇಷ್ಟು ನೆನಪಿರುವವನು ಬೇಕೆಂದೇ ಹೀಗೆ ಮಾಡುತ್ತಾನೆಂದು ಸಿಟ್ಟೂ ಬಂತು. ಆಳು ಎತ್ತರವಿದ್ದ; ಶಿಕ್ಷೆಯೆಂದು ಅವನನ್ನು ಕಡೆಯ ಸಾಲಿಗೆ ಕಳಿಸಿದೆ. ಕಣ್ಣು ಕಾಣದವನನ್ನು ಹಲಗೆಯಿಂದ ಇನ್ನಷ್ಟು ದೂರ ಕೂಡಿಸಿದ ಜಾಣತನ ನನ್ನದು! ಒಂಬತ್ತನೆಯ ಇಯತ್ತೆಯಲ್ಲಿ ನಪಾಸಾಗಿ ಅವನು ಶಾಲೆ ಬಿಟ್ಟ.

2011ರಲ್ಲಿ ಬೈಲಹೊಂಗಲದ ಪೇಟೆಯಲ್ಲಿ ಒಬ್ಬಾತ ಬಂದು ಕಾಲು ಮುಟ್ಟಿದ. ದಪ್ಪ ಗಾಜಿನ ಕನ್ನಡಕ. ಅವನೇ. ಕಾಳಿನ ಅಂಗಡಿಯೊಂದರಲ್ಲಿ ಹಮಾಲಿ ಮಾಡುತ್ತಿದ್ದ. ನಲವತ್ತಾಯಿತು, ಚಾಳೀಸು ಬಂದಿರಬೇಕೆಂದು ವೈದ್ಯರಲ್ಲಿಗೆ ಹೋದರೆ, ಇದು ನಲವತ್ತರ ಮಂಜಲ್ಲ, ಹುಟ್ಟಿದಾಗಿನಿಂದಲೋ ಏನೋ ದೂರದ್ದು ನಿನಗೆ ಕಂಡೇ ಇಲ್ಲ ಎಂದರಂತೆ. ಇಷ್ಟು ಹೇಳಿ ನಗುತ್ತ ಕೇಳಿದ: “ಅಲ್ರೀ ಸರ, ಆವಾಗ ನೀವು ಬೋರ್ಡಿನ ಮ್ಯಾಲೆ ಏನ ಬರೀತಿದ್ರಿ?”

ಅವನು ನಿಜವಾಗಿಯೂ ಕುತೂಹಲದಿಂದ ಕೇಳಿದ. ಅದರಲ್ಲಿ ಚುಚ್ಚುವ ಭಾವ ಕಿಂಚಿತ್ತೂ ಇರಲಿಲ್ಲ.

ಆ ಕಾಲದಲ್ಲಿ ಯಾರೂ ಶಾಲೆಗೆ ಬಂದು ಮಕ್ಕಳ ಕಣ್ಣು ನೋಡಲಿಲ್ಲವೇ ಎಂದು ನೀವು ಕೇಳಬಹುದು. ನಾನಿದ್ದ ಎರಡು ವರ್ಷಗಳಲ್ಲಿ ಬಂದ ನೆನಪಿಲ್ಲ. ಹಾಗೆಂದು ವಿಚಾರ ಹೊಸದಲ್ಲ. ನಮ್ಮ ದೇಶದಲ್ಲಿ ಶಾಲೆಯ ಮಕ್ಕಳ ವೈದ್ಯಕೀಯ ತಪಾಸಣೆ ಮೊದಲು ನಡೆದದ್ದು 1909ರಲ್ಲಿ, ಬರೋಡಾದಲ್ಲಿ. ಸ್ವಾತಂತ್ರ್ಯಕ್ಕೆ ಒಂದು ವರ್ಷ ಮುನ್ನ, 1946ರಲ್ಲಿ, ಭೋರ್ ಸಮಿತಿಯು ತನ್ನ ದೊಡ್ಡ ವರದಿಯಲ್ಲಿ ಶಾಲಾ ಆರೋಗ್ಯ ಸೇವೆಯೆಂಬುದು ಇಲ್ಲವೆನ್ನುವಷ್ಟು ಕಡಿಮೆಯೆಂದು ಬರೆಯಿತು. 1960ರಲ್ಲಿ ರೇಣುಕಾ ರಾಯ್ ಅವರ ಅಧ್ಯಕ್ಷತೆಯಲ್ಲಿ ಇದಕ್ಕೆಂದೇ ಒಂದು ಸಮಿತಿ ಕೂತಿತು. ಸಮಿತಿಗಳು ಕೂತು ಏಳುವಷ್ಟರಲ್ಲಿ ಮೂರು ತಲೆಮಾರಿನ ಮಕ್ಕಳು ಶಾಲೆ ದಾಟಿ ಹೋಗಿದ್ದರು.

ಈಗ ಹಾಗಿಲ್ಲ, ಅದನ್ನು ಒಪ್ಪಬೇಕು. 2013ರ ಫೆಬ್ರುವರಿಯಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿದ ಕೂಸಿನಿಂದ 18 ವರ್ಷದವರೆಗಿನ ಮಕ್ಕಳನ್ನು 30 ಬಗೆಯ ದೋಷ ಮತ್ತು ರೋಗಗಳಿಗಾಗಿ ನೋಡುತ್ತಾರೆ. ತಾಲೂಕಿಗೆ ಕನಿಷ್ಠ ಮೂರು ತಂಡಗಳಿರಬೇಕೆಂಬುದು ನಿಯಮ. ಒಂದೊಂದರಲ್ಲಿ ಇಬ್ಬರು ವೈದ್ಯರು, ಒಬ್ಬ ದಾದಿ, ಒಬ್ಬ ಔಷಧಿ ವಿತರಕ. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಇವರ ಜೀಪು ಬರುತ್ತದೆ. ಕಬ್ಬಿಣಾಂಶದ ಗುಳಿಗೆ, ಜಂತುಹುಳುವಿನ ಗುಳಿಗೆ, ಬಿಸಿಯೂಟ, ಹಾಲು ಇವೆಲ್ಲ ಬೇರೆ ಬೇರೆ ಬಾಗಿಲುಗಳಿಂದ ಶಾಲೆಗೆ ಬರುತ್ತವೆ. ನನ್ನ ಆ ಹುಡುಗ ಈಗ ಓದುತ್ತಿದ್ದಿದ್ದರೆ, ಜೀಪು ಬಂದ ದಿನ ಅವನು ಶಾಲೆಯಲ್ಲಿ ಇದ್ದಿದ್ದರೆ, ಅವನ ಕಣ್ಣಿನ ಸಂಗತಿ ಬೆಳಕಿಗೆ ಬರುತ್ತಿತ್ತು. ‘ಇದ್ದಿದ್ದರೆ’ ಎಂಬ ಮಾತು ಸಣ್ಣದಲ್ಲ. ಹತ್ತಿ ಬಿಡಿಸುವ ದಿನಗಳಲ್ಲಿ, ಸವದತ್ತಿಯ ಗುಡ್ಡಕ್ಕೆ ಬನದ ಹುಣ್ಣಿಮೆಯ ಬಂಡಿಗಳು ಸಾಗುವ ದಿನಗಳಲ್ಲಿ ನಮ್ಮ ಹಳ್ಳಿಯ ಶಾಲೆಗಳ ಹಾಜರಿ ಪುಸ್ತಕ ನೋಡಿದವರಿಗೆ ನಾನು ಹೇಳುವುದು ಗೊತ್ತಾಗುತ್ತದೆ. ಆ ಒಂದು ದಿನ ತಪ್ಪಿದ ಮಗುವಿಗೆ ಆ ವರ್ಷವೇ ತಪ್ಪಿತು.

ಇನ್ನು ವಿಮೆಯ ಮಾತು. ವಿಮೆ ನಮಗೆ ಬಂದದ್ದು ಪಾರಸಿಯ ‘ಬೀಮಾ’ದಿಂದ, ಅದರ ಬೇರು ‘ಬೀಮ್’, ಎಂದರೆ ಭಯ. ಕೆಟ್ಟದ್ದೇನೋ ಆಗಬಹುದೆಂಬ ಅಂಜಿಕೆಗೆ ನಾಲ್ವರು ಕೂಡಿ ಎತ್ತಿಟ್ಟ ಹಣ. ನಮ್ಮ ಭಾಗದವರಿಗೆ ಈ ಕೂಡಿಡುವ ವಿದ್ಯೆ ಹೊಸದಲ್ಲ. 1905ರಲ್ಲಿಯೇ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಹಕಾರಿ ಪತ್ತಿನ ಸಂಘ ಕಟ್ಟಿದವರು ನಾವು. ಹೀಗಾಗಿ 2003ರಲ್ಲಿ ಸಹಕಾರಿ ಸಂಘಗಳ ರೈತ ಸದಸ್ಯರಿಗೆಂದು ಯಶಸ್ವಿನಿ ಯೋಜನೆ ಬಂದಾಗ, ತಿಂಗಳಿಗೆ 5 ರೂಪಾಯಿಯಂತೆ ವರ್ಷಕ್ಕೆ 60 ರೂಪಾಯಿ ಕೊಡಲು ನಮ್ಮ ಹಳ್ಳಿಗರು ಹೆಚ್ಚು ಯೋಚಿಸಲಿಲ್ಲ. ಆದರೆ ಅದು ಮುಖ್ಯವಾಗಿ ಶಸ್ತ್ರಚಿಕಿತ್ಸೆಯ ಯೋಜನೆ. 2018ರಲ್ಲಿ ಆರೋಗ್ಯ ಕರ್ನಾಟಕ ಬಂದು, ಅದೇ ವರ್ಷ ಕೇಂದ್ರದ ಆಯುಷ್ಮಾನ್ ಭಾರತದೊಡನೆ ಕೂಡಿಕೊಂಡಿತು. ಯಶಸ್ವಿನಿ ಅದರಲ್ಲಿ ಲೀನವಾಗಿ, ಕೆಲವು ವರ್ಷಗಳ ಬಳಿಕ ಮತ್ತೆ ಬೇರೆಯಾಗಿ ಎದ್ದು ನಿಂತಿತು. ಬಿಪಿಎಲ್ ಪಡಿತರ ಚೀಟಿಯುಳ್ಳ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ. ದೊಡ್ಡ ಮಾತು. ಇದನ್ನು ಹಗುರವಾಗಿ ಕಾಣುವವನು ನಾನಲ್ಲ, ಏಕೆಂದರೆ ಅದು ಒಂದು ಜೀವ ಉಳಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ನಮ್ಮ ಮನೆಗೆ ಭಾಂಡೆ ತೊಳೆಯಲು ಬರುವ ಹೆಣ್ಣುಮಗಳಿಗೆ ಇಬ್ಬರು ಮಕ್ಕಳು. 2023ರ ಮಳೆಗಾಲದಲ್ಲಿ ಶಾಲೆಗೆ ಬಂದ ತಂಡದವರು ಐದನೆಯ ಇಯತ್ತೆಯಲ್ಲಿದ್ದ ಮಗಳ ಎದೆಗೆ ನಳಿಗೆ ಹಚ್ಚಿ ಕೇಳಿ, ಮತ್ತೊಮ್ಮೆ ಕೇಳಿ, ಒಂದು ಚೀಟಿ ಬರೆದುಕೊಟ್ಟರು. ಹುಡುಗಿಯ ಹೃದಯದ ಗೋಡೆಯಲ್ಲಿ ರಂಧ್ರವಿತ್ತು. ಬೈಲಹೊಂಗಲದ ದವಾಖಾನೆ, ಅಲ್ಲಿಂದ ಬೆಳಗಾವಿ, ಮತ್ತೆ ಬೆಳಗಾವಿ. ಆ ವರ್ಷದ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸು ಪುಕ್ಕಟೆಯಾಗಿತ್ತು. ತಾಯಿ ಮಗಳಿಗೆ ಟಿಕೀಟಿನ ಚಿಂತೆ ಇರಲಿಲ್ಲ. ಆದರೆ ಹೋದ ದಿನದ ಕೆಲಸ ಹೋದಂತೆಯೇ. ಅವಳು ದುಡಿಯುತ್ತಿದ್ದ ನಾಲ್ಕು ಮನೆಗಳಲ್ಲಿ ಎರಡು ಮನೆಯವರು ಬೇರೆಯವರನ್ನು ಇಟ್ಟುಕೊಂಡರು. ನಮ್ಮ ಮನೆಯಲ್ಲಿಯೂ ಗೊಣಗಾಟ ನಡೆಯಲೇ ಇಲ್ಲವೆಂದು ಹೇಳಿದರೆ ಸುಳ್ಳಾದೀತು. ಕೊನೆಗೆ ಶಸ್ತ್ರಚಿಕಿತ್ಸೆಯಾಯಿತು, ಆಸ್ಪತ್ರೆಯಲ್ಲಿ ಒಂದು ಪೈಸೆಯನ್ನೂ ಕೇಳಲಿಲ್ಲ. ಮೆಟ್ಟಿಲು ಹತ್ತಿದರೆ ತುಟಿ ಕಪ್ಪಿಡುತ್ತಿದ್ದ ಆ ಹುಡುಗಿ ಈಗ ಓಣಿಯ ತುಂಬ ಕುಂಟಾಬಿಲ್ಲೆ ಆಡುತ್ತಾಳೆ.

ಅವಳ ತಮ್ಮ ಆಗ ಮೂರನೆಯ ಇಯತ್ತೆ. ಅದೇ ಶಾಲೆ, ಅದೇ ದಿನ, ಅದೇ ತಂಡ. ಅವನಿಗೂ ಒಂದು ಚೀಟಿ ಸಿಕ್ಕಿತ್ತು. ಬಲಗಿವಿ ಸೋರುತ್ತಿತ್ತು. ದವಾಖಾನೆಯಲ್ಲಿ ಹನಿ ಹಾಕಿ, ಕಿವಿಗೆ ನೀರು ತಾಗಿಸಬೇಡ, ವಾರಕ್ಕೊಮ್ಮೆ ಬಂದು ಸ್ವಚ್ಛ ಮಾಡಿಸಿಕೊಂಡು ಹೋಗು ಎಂದರು. ತಾಯಿ ಎರಡು ವಾರ ಕರೆದೊಯ್ದಳು. ಮೂರನೆಯ ವಾರ ಮಗಳನ್ನು ಬೆಳಗಾವಿಗೆ ಒಯ್ಯುವುದಿತ್ತು. ಆಮೇಲೆ ಉಳಿದ ಎರಡು ಮನೆಗಳ ಕೆಲಸವಾದರೂ ಉಳಿಸಿಕೊಳ್ಳಬೇಕಿತ್ತು. ಹುಡುಗ ಬಾವಿಯಲ್ಲಿ ಈಜು ಬಿಡಲಿಲ್ಲ. ಅಜ್ಜಿ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಡುವುದನ್ನೂ ಬಿಡಲಿಲ್ಲ. ಕಿವಿ ಸೋರುತ್ತಲೇ ಇತ್ತು. ಒಂದು ದಿನ ಆ ತಾಯಿ ಅಂಗಳದಲ್ಲಿ ಕುಳಿತು ಹೇಳಿದಳು: “ಹುಡುಗಿ ಎದಿಗೆ ಸರಕಾರದಾವ್ರು ಲಕ್ಷಗಟ್ಟಲೆ ಕೊಟ್ರರಿ ಸರ. ಇವನ ಕಿವಿ ಒರಸಾಕ ಒಂದ ಅಳ್ಳ ಹತ್ತಿ ಹಿಡಿಯಾವ್ರಿಲ್ಲ ನೋಡ್ರಿ.”

ಹತ್ತಿ ಬೆಳೆಯುವ ಸೀಮೆಯಲ್ಲಿ ಆಡಿದ ಮಾತು ಇದು. ನನ್ನ ಇಂದಿನ ಭಾಷಣವೆಲ್ಲ ಈ ಮಾತಿನ ಟೀಕೆ ಎಂದೇ ತಿಳಿಯಿರಿ.

ಏಕೆ ಹೀಗಾಯಿತು? ಹೃದಯ ಮಂಚ ಹತ್ತಿಸುವ ರೋಗ, ಕಿವಿ ಹಾಗಲ್ಲ. ನಮ್ಮ ಆರೋಗ್ಯ ವಿಮೆ ಬಹುಮಟ್ಟಿಗೆ ಆಸ್ಪತ್ರೆಯಲ್ಲಿ ದಾಖಲಾದವರದು, ಇಲ್ಲವೆ ಒಂದೇ ದಿನದಲ್ಲಿ ಮುಗಿಯುವ ಶಸ್ತ್ರಚಿಕಿತ್ಸೆಯವರದು. ಕೇಂದ್ರದ ಯೋಜನೆಯ ನಿಯಮದಲ್ಲಿ ದಾಖಲಾಗುವ ಮುಂಚಿನ 3 ದಿನ, ಬಿಡುಗಡೆಯಾದ ಮೇಲಿನ 15 ದಿನಗಳ ವೆಚ್ಚವೂ ಸೇರುತ್ತದೆ. ಮೂರು ದಿನ! ಶಾಲೆಯ ಮಗುವಿನ ಕಾಯಿಲೆಗಳು ಮೂರು ದಿನದವಲ್ಲ. ಮಂದಗಣ್ಣು, ಸೋರುವ ಕಿವಿ, ಹುಳುಕು ಹಲ್ಲು, ಕಜ್ಜಿ, ರಕ್ತಹೀನತೆ, ತೊದಲು, ಇವು ಯಾವುವೂ ಮಗುವನ್ನು ಹಾಸಿಗೆಗೆ ಕೆಡವುವುದಿಲ್ಲ. ಬೆಂಚಿನ ಮೇಲೆಯೇ ಕೂಡಿಸಿಟ್ಟು ಒಳಗಿಂದೊಳಗೆ ದಡ್ಡನನ್ನಾಗಿ ಮಾಡುತ್ತವೆ. ಇನ್ನೊಂದು ವಿಪರೀತವಿದೆ. ಆ ಹುಡುಗನ ಕಿವಿಯ ತಮಟೆ ಸೋರಿ ಸೋರಿ ಕೊನೆಗೆ ತೂತಾಗಿ ಉಳಿದರೆ, ಆ ತೂತು ಮುಚ್ಚುವ ಶಸ್ತ್ರಚಿಕಿತ್ಸೆ ವಿಮೆಯ ಪಟ್ಟಿಯಲ್ಲಿದೆ. ಕಿವಿ ಕೆಡುವವರೆಗೆ ಕಾಯುವ ಹಣ, ಕೆಟ್ಟ ಮೇಲೆ ಕೈ ಬಿಚ್ಚಿ ಕೊಡುತ್ತದೆ.

ಇದು ನಮ್ಮ ಒಬ್ಬರ ದೋಷವಲ್ಲ, ವಿಮೆಯ ಹುಟ್ಟುಗುಣ. ಇಂಗ್ಲೆಂಡಿನಲ್ಲಿ 1911ರ ರಾಷ್ಟ್ರೀಯ ವಿಮಾ ಕಾಯಿದೆಯು ದುಡಿಯುವ ಕಾರ್ಮಿಕನಿಗೆ ವೈದ್ಯನನ್ನು ಕೊಟ್ಟಿತು, ಅವನ ಹೆಂಡತಿ ಮಕ್ಕಳಿಗೆ ಕೊಡಲಿಲ್ಲ. ಅಲ್ಲಿ ಮಕ್ಕಳ ಅದೃಷ್ಟಕ್ಕೆ 1907ರಲ್ಲಿಯೇ ಶಾಲೆಗಳಲ್ಲಿ ವೈದ್ಯಕೀಯ ತಪಾಸಣೆ ನಡೆಸಬೇಕೆಂಬ ಕಾಯಿದೆಯಾಗಿತ್ತು. ಅದಕ್ಕೂ ಕಾರಣ ಮಕ್ಕಳ ಮೇಲಿನ ಮರುಕವೊಂದೇ ಅಲ್ಲ. ದಕ್ಷಿಣ ಆಫ್ರಿಕದ ಬೋಯರ್ ಯುದ್ಧಕ್ಕೆ ಸೈನಿಕರನ್ನು ಆರಿಸಹೋದಾಗ ಬಂದ ತರುಣರಲ್ಲಿ ಬಹಳ ಮಂದಿ ಬಡಕಲಾಗಿದ್ದರು, ಸಾಮ್ರಾಜ್ಯಕ್ಕೆ ಗಾಬರಿಯಾಯಿತು. ಮಕ್ಕಳ ಹಲ್ಲಿಗೆ ಬಂದೂಕಿನ ಶಿಫಾರಸು ಬೇಕಾಯಿತು, ಇರಲಿ.

ವಿಮೆಯ ಹಣವನ್ನೇ ಶಾಲೆಯ ಬಾಗಿಲಿಗೆ ತಂದವರೂ ಇದ್ದಾರೆ. ಈಜಿಪ್ತಿನ 1992ರ 99ನೆಯ ಕಾಯಿದೆಯನ್ನು ನೋಡಿ. ಶಾಲೆಗೆ ಸೇರಿದ ಮಗು ತಾನಾಗಿಯೇ ವಿಮೆಗೂ ಸೇರಿತು. ಮಗುವಿನ ಮನೆಯಿಂದ ವರ್ಷಕ್ಕೆ 4 ಪೌಂಡು, ಸರಕಾರದಿಂದ 12 ಪೌಂಡು, ಅದರ ಮೇಲೆ ದೇಶದಲ್ಲಿ ಮಾರುವ ಸಿಗರೇಟಿನ ಪ್ರತಿ ಪೊಟ್ಟಣಕ್ಕೂ 10 ಪಿಯಾಸ್ತರ್ ತೆರಿಗೆ. ಅಪ್ಪ ಸೇದಿದ ಹೊಗೆಯಿಂದ ಮಗನ ಔಷಧಿಗೆ ಕಾಸು! ಅಲ್ಲಿಯ ಕೊರತೆ ಕಾಯಿದೆಯಲ್ಲಿಯೇ ಇದೆ: ವಿಮೆಗೆ ಶಾಲೆಯೇ ಬಾಗಿಲಾದ್ದರಿಂದ, ಶಾಲೆಗೇ ಸೇರದ ಮಗು ಅದರ ಹೊರಗುಳಿಯಿತು. ಎಲ್ಲರಿಗಿಂತ ಬಡಮಗು ಅದೇ.

ಅಮೆರಿಕದ ಕಥೆ ಬೇರೆ. ಅಲ್ಲಿ 1965ರಿಂದ ಬಡವರಿಗೆ ಮೆಡಿಕೇಡ್ ಎಂಬ ಸರಕಾರಿ ವಿಮೆ ಇದೆ. 1988ರಲ್ಲಿ ಕಾನೂನು ಬದಲಾಗಿ, ಅಂಗವೈಕಲ್ಯವುಳ್ಳ ಮಕ್ಕಳಿಗೆ ಶಾಲೆಯಲ್ಲಿಯೇ ಕೊಡುವ ಮಾತಿನ ಚಿಕಿತ್ಸೆ ಮೊದಲಾದವುಗಳ ವೆಚ್ಚವನ್ನು ಶಾಲೆಯವರು ಅದರಿಂದ ಪಡೆಯುವಂತಾಯಿತು. ಆದರೆ ಎಲ್ಲ ಮಕ್ಕಳಿಗೂ ಪುಕ್ಕಟೆಯಾಗಿ ಕೊಡುವ ಸೇವೆಗೆ ವಿಮೆ ದುಡ್ಡು ಕೊಡದೆಂಬ ನಿಯಮ ಬಹುಕಾಲ ಇತ್ತು. ಎಂದರೆ ದಾದಿ ಎಲ್ಲರ ಕಿವಿಯನ್ನೂ ನೋಡಿದರೆ ಹಣವಿಲ್ಲ! 2014ರ ಡಿಸೆಂಬರಿನಲ್ಲಿ ಆ ನಿಯಮವನ್ನು ಕೈಬಿಟ್ಟರು. ಇನ್ನೊಂದು ತಮಾಷೆ. ಶಾಲೆಯ ಸಿಬ್ಬಂದಿಯ ಸಮಯದಲ್ಲಿ ವಿಮೆಯ ಪಾಲೆಷ್ಟೆಂದು ಲೆಕ್ಕ ಹಾಕಲು, ಯಾವುದೋ ಒಂದು ಗಳಿಗೆಯನ್ನು ಚೀಟಿ ಎತ್ತಿದಂತೆ ಆರಿಸಿ, ಆ ನಿಮಿಷದಲ್ಲಿ ನೀವು ಏನು ಮಾಡುತ್ತಿದ್ದಿರಿ ಎಂದು ಕೇಳುತ್ತಾರೆ. ಮಗುವಿನ ಮೂಗು ಒರೆಸುತ್ತಿದ್ದರೆ ಅದು ಯಾವ ಖಾತೆಗೆ ಹೋಗುತ್ತದೋ! ಆಗಲೇ ಲೆಕ್ಕಪತ್ರಗಳ ಭಾರದಿಂದ ಬಗ್ಗಿರುವ ನಮ್ಮ ಮಾಸ್ತರರ, ಅಕ್ಕೋರುಗಳ ಬೆನ್ನಿಗೆ ಈ ಬಗೆಯ ಬಿಲ್ಲು ಬರೆಯುವ ಕೆಲಸ ಬರಬಾರದು.

ಹಾಗಾದರೆ ನಾನು ಕೇಳುವುದೇನು? ಹೆಚ್ಚೇನಲ್ಲ. ನಮ್ಮಲ್ಲಿ ಹತ್ತಾರು ಶಾಲೆಗಳನ್ನು ಕೂಡಿಸಿ ಕ್ಲಸ್ಟರ್ ಎಂದು ಮಾಡಿದ್ದಾರೆ. ಅಂಥ ಒಂದೊಂದು ಕ್ಲಸ್ಟರಿಗೆ ಒಬ್ಬ ದಾದಿ. ವಾರದ ಗೊತ್ತಾದ ದಿನ, ಗೊತ್ತಾದ ಶಾಲೆಗೆ ಬರುವವಳು. ಜೀಪಿನ ತಂಡ ಬರೆದುಕೊಟ್ಟ ಚೀಟಿಗಳೆಲ್ಲ ಅವಳ ಕೈಯಲ್ಲಿರಬೇಕು. ಕನ್ನಡಕ ಬಂತೇ, ಬಂದದ್ದನ್ನು ಹುಡುಗ ಹಾಕಿಕೊಳ್ಳುತ್ತಾನೆಯೇ, ಬೆಳಗಾವಿಗೆ ಹೋದವರು ಮರಳಿ ಏಕೆ ಹೋಗಲಿಲ್ಲ, ಇವನ್ನು ಕೇಳುವವಳು. ಹತ್ತಿಯಿಂದ ಕಿವಿ ಒರೆಸಿ ಹನಿ ಬಿಡುವವಳು. ದೊಡ್ಡ ಹುಡುಗಿಯರು ಅಕ್ಕೋರ ಮುಂದೂ ಆಡದ ಮಾತನ್ನು ಆಡಬಲ್ಲವಳು. 2020ರಲ್ಲಿ ಬಂದ ಕೇಂದ್ರದ ಶಾಲಾ ಆರೋಗ್ಯ ಕಾರ್ಯಕ್ರಮದಲ್ಲಿ ಪ್ರತಿ ಶಾಲೆಯ ಇಬ್ಬರು ಶಿಕ್ಷಕರನ್ನು ಆರೋಗ್ಯದ ರಾಯಭಾರಿಗಳೆಂದು ಕರೆದಿದ್ದಾರೆ. ಹೆಸರು ಚೆಂದ. ಆದರೆ ರಾಯಭಾರಿ ಕಿವಿ ತೊಳೆಯುವುದಿಲ್ಲ.

ಈ ದಾದಿಯ ಸಂಬಳ ಯಾವ ಚೀಲದಿಂದ? ವೈದ್ಯರಾದ ನನ್ನ ಸ್ನೇಹಿತರೊಬ್ಬರು, ಇದು ವಿಮೆಯ ಕೆಲಸವೇ ಅಲ್ಲ, ಬೆಂಕಿ ಬಿದ್ದ ಮನೆಗೆ ವಿಮೆಯುಂಟು, ದಿನದ ಕಸ ಗುಡಿಸಲು ವಿಮೆಯುಂಟೇ ಎಂದು ವಾದಿಸುತ್ತಾರೆ. ಆರೋಗ್ಯ ಇಲಾಖೆಯ ಆಯವ್ಯಯದಲ್ಲಿ ಕೊಡಲಿ ಎನ್ನುತ್ತಾರೆ. ಕೊಡಲಿ, ಬೇಡವೆಂದವರಾರು? ಆದರೆ ತಪಾಸಣೆ ರಾಷ್ಟ್ರೀಯ ಆರೋಗ್ಯ ಅಭಿಯಾನದ್ದು, ಕನ್ನಡಕ ಅಂಧತ್ವ ನಿಯಂತ್ರಣದವರದು, ಊಟ ಶಿಕ್ಷಣ ಇಲಾಖೆಯದು, ಹೃದಯ ವಿಮೆಯದು ಎಂದು ಒಂದೇ ಮಗುವಿನ ಮೈಯನ್ನು ಸರ್ವೆ ನಂಬರು ಹಾಕಿ ಹಂಚಿಕೊಂಡ ಮೇಲೆ, ಈ ಹೊಲಗಳ ನಡುವಿನ ಬದು ಯಾರದೂ ಅಲ್ಲ. ಆ ಬದುವಿನಲ್ಲಿಯೇ ಚೀಟಿಗಳು ಕಳೆಯುತ್ತವೆ. ನಾವು ವಿಮೆ ವಿಮೆ ಎನ್ನುತ್ತೇವೆಯೇ ಹೊರತು, ನಮ್ಮ ರಾಜ್ಯದಲ್ಲಿ ನಡುವೆ ವಿಮಾ ಕಂಪನಿ ಇಲ್ಲ, ಬಡವನಿಂದ ಕಂತು ಪಡೆಯುವುದೂ ಇಲ್ಲ. ತೆರಿಗೆಯ ಹಣವನ್ನು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಆಸ್ಪತ್ರೆಗಳಿಗೆ ಸಂದಾಯ ಮಾಡುತ್ತದೆ. ಅಂದಮೇಲೆ ಕಸ, ಬೆಂಕಿ ಎಂಬ ಭೇದಕ್ಕೆ ನನ್ನ ಸ್ನೇಹಿತರು ಹೇಳುವಷ್ಟು ತೂಕವಿಲ್ಲ. ನಾಳೆ ಆ ಹುಡುಗನ ಕಿವಿಯ ತೂತಿಗೆ ಹಣ ತೆರಬೇಕಾದದ್ದು ಆ ಟ್ರಸ್ಟೇ. ಇಂದು ಕಿವಿ ಒಣಗಿದರೆ ಉಳಿತಾಯ ಯಾರಿಗೋ ಅವರೇ ಹತ್ತಿಯನ್ನೂ ಕೊಡಲಿ ಎಂಬುದು ನನ್ನ ವಾದ. ಮಗುವಿಗೆ ಇಷ್ಟೆಂದು ವರ್ಷಕ್ಕೊಂದು ಗೊತ್ತಾದ ಮೊತ್ತವನ್ನು ಕ್ಲಸ್ಟರಿನ ಹೆಸರಿಗೆ ಎತ್ತಿಡಲಿ. ಚಿಕಿತ್ಸೆಗೊಂದು ಬಿಲ್ಲೆಂಬ ಪದ್ಧತಿ ಬೇಡ. ಬಿಲ್ಲಿನ ಆಸೆಗೆ ಬೇಡದ ಚಿಕಿತ್ಸೆ ಮಾಡುವ ಹೊಸ ರೋಗವೊಂದನ್ನು ಶಾಲೆಯೊಳಗೆ ನಾವೇ ಕರೆದುಕೊಂಡಂತಾದೀತು.

ತಾಯಿಯ ಹೋದ ಕೂಲಿಯ ಮಾತು ಮಾತ್ರ ಯಾವ ಯೋಜನೆಯ ಕಾಗದದಲ್ಲಿಯೂ ಕಾಣುವುದಿಲ್ಲ. ದಾದಿ ಶಾಲೆಗೇ ಬಂದರೆ ಆ ದಿನಗಳಾದರೂ ಉಳಿದಾವು.

ಆ ಹುಡುಗ ಈಗ ಐದನೆಯ ಇಯತ್ತೆ. ಒಮ್ಮೊಮ್ಮೆ ಸಂಜೆ ತಾಯಿಯೊಡನೆ ಬಂದು ನಮ್ಮ ಕಟ್ಟೆಯ ಮೇಲೆ ಕೂತು ಓದುತ್ತಾನೆ. ಯಾರಾದರೂ ಮಾತನಾಡಿಸಿದರೆ ಮುಖವನ್ನು ತುಸು ಬಲಕ್ಕೆ ಹೊರಳಿಸಿ ಎಡಗಿವಿ ಮುಂದು ಮಾಡುತ್ತಾನೆ. ಹಾಗೆ ಮಾಡುತ್ತೇನೆಂಬುದು ಅವನಿಗೇ ತಿಳಿದಂತಿಲ್ಲ. ಶಾಲೆಯಲ್ಲಿ ಎಲ್ಲಿ ಕೂಡುತ್ತೀಯೆಂದು ಕೇಳಿದೆ. ಕಡೆಯ ಸಾಲಿನಲ್ಲಿ ಎಂದ. ಮರುದಿನ ನಾನೇ ಶಾಲೆಗೆ ಹೋಗಿ ಅಕ್ಕೋರಿಗೆ ಹೇಳಿ, ಮೊದಲ ಸಾಲಿನ ಬಲತುದಿಯಲ್ಲಿ, ಎಡಗಿವಿ ಅವರ ಕಡೆಗೆ ಬರುವಂತೆ ಅವನನ್ನು ಕೂಡಿಸಿ ಬಂದೆ.